ಇ30ಗೆ ಹೊಸ ಜೀವ: ಎಂ20 ಇಳಿಸಿ ಎಂ50 ಕೂರಿಸಿದ ಕೆಲಸ

ಟೈಮಿಂಗ್ ಬೆಲ್ಟ್ (ಕ್ರ್ಯಾಂಕ್ ಜೊತೆಗೇ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟನ್ನೂ ತಿರುಗಿಸುವ ಪಟ್ಟಿ) ಹೋದ ಎಂಜಿನ್ ಸ್ಟಾರ್ಟರ್ ಒತ್ತಿದ ತಕ್ಷಣ ಗೊತ್ತಾಗುತ್ತದೆ. ಕ್ರ್ಯಾಂಕ್ ಸಲೀಸಾಗಿ, ಒಂದೇ ವೇಗದಲ್ಲಿ ಗರ್ರನೆ ತಿರುಗುತ್ತದೆ. ಕಂಪ್ರೆಶನ್ನಿನ ಆ ಏರಿಳಿತ ಇರುವುದಿಲ್ಲ. ನನ್ನ ಬಿಎಂಡಬ್ಲ್ಯು 325ಐಗೆ ಆಗಿದ್ದು ಅದೇ. ಇ30 ಮಾದರಿ, ಎಂ20ಬಿ25 ಎಂಜಿನ್. ಟೆನ್ಷನರ್ ಬೇರಿಂಗ್ ಹಿಡಿದುಕೊಂಡು ಬೆಲ್ಟಿನ ಹಲ್ಲುಗಳನ್ನು ಸವರಿ ಹಾಕಿತ್ತು. ಈ ಎಂಜಿನ್‌ನಲ್ಲಿ ಟೈಮಿಂಗ್ ತಪ್ಪಿದರೆ ಪಿಸ್ಟನ್ ಬಂದು ವಾಲ್ವಿಗೆ ಹೊಡೆಯುತ್ತದೆ. ಮೇಲಿನ ಕವರ್ ತೆಗೆದಾಗ ವಾಲ್ವ್ ಒತ್ತುವ ಹಲವು ರಾಕರ್ ಆರ್ಮ್‌ಗಳು ಎರಡು ತುಂಡಾಗಿದ್ದವು.

ರಾಕರ್ ಮುರಿಯುವುದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ಪೆಟ್ಟಿನ ಒಂದು ಭಾಗವನ್ನು ಅದು ನುಂಗಿಕೊಳ್ಳುತ್ತದೆ, ಕ್ಯಾಮ್ ಶಾಫ್ಟ್ ಉಳಿಯಬಹುದು. ಆದರೆ ವಾಲ್ವ್‌ಗಳೂ ಬಾಗಿದ್ದವು. ಎರಡು ಪಿಸ್ಟನ್ ತಲೆಯ ಮೇಲೆ ಗುರುತು ಚೆನ್ನಾಗಿ ಬಿದ್ದಿತ್ತು. ಹೆಡ್ ಕೆಲಸ, ವಾಲ್ವ್ ಗೈಡ್, ರಾಕರ್ ಸೆಟ್, ಪಿಸ್ಟನ್, ಆಮೇಲೆ ಹೇಗೂ ಬಿಚ್ಚಿದ್ದೇವಲ್ಲ ಅಂತ ಬೇರಿಂಗ್. ಲೆಕ್ಕ ಹಾಕಿದಾಗ ಇನ್ನೊಂದು ಎಂಜಿನ್ ಹಾಕುವುದೇ ಸರಿ ಅನ್ನಿಸಿತು. ಯಾವ ಎಂಜಿನ್ ಅನ್ನೋದೇ ಪ್ರಶ್ನೆ.

ಇಲ್ಲಿ ಎಲ್ಲರೂ ಮೊದಲು ನೋಡುವುದು ಹಾರ್ಸ್‌ಪವರ್. ನಾನು ಅದನ್ನು ಕೊನೆಗೆ ನೋಡಿ ಅಂತೀನಿ. ಹಳೇ ಕಾರಿನೊಳಗೆ ಬೇರೆ ಎಂಜಿನ್ ಇಡುವಾಗ ಕಬ್ಬಿಣದ ಮುದ್ದೆ ಕೂರಿಸುವುದು ಸಣ್ಣ ಕೆಲಸ. ಅದಕ್ಕೆ ಅಂಟಿಕೊಂಡು ಬರುವ ವೈರಿಂಗ್, ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ), ಬ್ರೇಕ್ ಬೂಸ್ಟರ್ (ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಡಬ್ಬಿ), ಗೇರ್‌ಬಾಕ್ಸ್, ಎಕ್ಸಾಸ್ಟ್, ಮೀಟರ್‌ಗಳೇ ಜೀವ ತಿನ್ನುವುದು. ಅದಕ್ಕೇ ಪ್ರತಿ ಎಂಜಿನ್‌ಗೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ತಂದರೆ ಜೊತೆಗೆ ಇನ್ನೇನೇನು ಬದಲಾಯಿಸಬೇಕು?

ಇನ್ನೊಂದು ಎಂ20ಬಿ25 ತಂದರೆ ಏನೂ ಬದಲಾಯಿಸಬೇಕಿಲ್ಲ. ಇಳಿಸು, ಏರಿಸು, ಪ್ಲಗ್ ಚುಚ್ಚು. ಕಾರು ಮೂಲರೂಪದಲ್ಲೇ ಇರಬೇಕು ಅನ್ನುವವರಿಗೆ ಇದೇ ದಾರಿ, ಇದರಲ್ಲಿ ಎರಡು ಮಾತಿಲ್ಲ. ನನಗೆ ಅಡ್ಡ ಬಂದಿದ್ದು ಆ ಬೆಲ್ಟ್. ಸಿಗುವ ಎಂ20ಗಳೆಲ್ಲ ಮೂವತ್ತು ವರ್ಷ ದಾಟಿದವು. ಅಂಥದ್ದನ್ನು ತಂದು, ಬಿಚ್ಚಿ ಸರಿಮಾಡಿ, ಮತ್ತೆ ಬೆಲ್ಟಿನ ತಾರೀಕು ನೆನಪಿಟ್ಟುಕೊಂಡು ಓಡಿಸುವ ಮನಸ್ಸು ನನಗಿರಲಿಲ್ಲ. ಎಂ20ನಲ್ಲೇ ಸ್ಟ್ರೋಕರ್ (ಪಿಸ್ಟನ್ ಓಡುವ ದೂರ, ಅಂದರೆ ಸ್ಟ್ರೋಕ್, ಹೆಚ್ಚಿಸಿದ ಎಂಜಿನ್) ಕಟ್ಟುವವರೂ ಇದ್ದಾರೆ. 2.7 ಲೀಟರಿನ ಇಟಾ ಎಂಜಿನ್‌ನ 81 ಮಿಮೀ ಸ್ಟ್ರೋಕ್ ಕ್ರ್ಯಾಂಕ್, ಇಲ್ಲವೇ ಎಂ52ರ 84 ಮಿಮೀ ಕ್ರ್ಯಾಂಕ್ ಹಾಕುತ್ತಾರೆ. ಓಡಿಸಲು ಖುಷಿಯಾಗಿರುತ್ತದಂತೆ. ಆದರೆ ಅದು ಎಂಜಿನ್ ಬದಲಿಸುವ ಕೆಲಸ ಅಲ್ಲ, ಎಂಜಿನ್ ಕಟ್ಟುವ ಕೆಲಸ. ಬೆಲ್ಟೂ ಹಾಗೇ ಉಳಿಯುತ್ತದೆ.

ಆಮೇಲೆ ಬರುವುದು 24 ವಾಲ್ವ್ ಕುಟುಂಬ. ಎಂ50, ಎಂ52, ಎಂ54. ಮೂರಕ್ಕೂ ಬೆಲ್ಟಿನ ಬದಲು ಟೈಮಿಂಗ್ ಚೈನ್. ಕಾಗದದ ಮೇಲೆ ಎಂ54ಬಿ30 ಎಲ್ಲಕ್ಕಿಂತ ಆಸೆ ಹುಟ್ಟಿಸುತ್ತದೆ. 2979 ಸಿಸಿ, 231 ಎಚ್‌ಪಿ, 300 ನ್ಯೂಟನ್ ಮೀಟರ್ ಟಾರ್ಕ್. ಆದರೆ ಅದರ ಥ್ರಾಟಲ್‌ಗೆ ಕೇಬಲ್ ಅಲ್ಲ, ಮೋಟರ್. ಆಕ್ಸೆಲರೇಟರ್ ಪೆಡಲ್ಲೂ ಆ ಕಾರಿನದೇ ಬೇಕು. ಎರಡೂ ಕ್ಯಾಮ್‌ಗೆ ವ್ಯಾನೋಸ್ (ಓಡುವಾಗಲೇ ಕ್ಯಾಮ್ ಟೈಮಿಂಗ್ ಬದಲಿಸುವ ವ್ಯವಸ್ಥೆ), ಕೀಲಿಯ ಜೊತೆ ಮಾತಾಡುವ ಇಮ್ಮೊಬಿಲೈಸರ್, ಬೇರೆ ಕಂಪ್ಯೂಟರ್‌ಗಳಿಂದ ಉತ್ತರ ನಿರೀಕ್ಷಿಸುವ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್). ಇವೆಲ್ಲವನ್ನೂ ಸಾಫ್ಟ್‌ವೇರ್‌ನಲ್ಲಿ ಸುಮ್ಮನಿರಿಸಬಹುದು. ಅದು ಗೊತ್ತಿರುವವರು ಜೊತೆಗಿದ್ದರೆ ಧಾರಾಳವಾಗಿ ಮಾಡಿ.

ಎಂ52ಬಿ28 ಬಗ್ಗೆ ನಾನು ನಿಜಕ್ಕೂ ತುಂಬಾ ಯೋಚಿಸಿದೆ. 193 ಎಚ್‌ಪಿ ಅಂದರೆ ಎಂ50ಕ್ಕಿಂತ ಹೆಸರಿಗೆ ಮಾತ್ರ ಜಾಸ್ತಿ. ಆದರೆ ಟಾರ್ಕ್ 280, ಅದೂ ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತದೆ. ಯುರೋಪಿನ ಕಾರುಗಳಲ್ಲಿ ಇದರ ಬ್ಲಾಕ್ ಅಲ್ಯೂಮಿನಿಯಂ, ಹಾಗಾಗಿ ಮೂತಿ ಹಗುರ. ತೊಂದರೆ ಅಲ್ಲೇ ಶುರು. ಮೊದಮೊದಲ ಬ್ಲಾಕ್‌ಗಳ ಸಿಲಿಂಡರ್ ಗೋಡೆಗೆ ನಿಕಾಸಿಲ್ ಲೇಪನ ಇತ್ತು. ಗಂಧಕ ಜಾಸ್ತಿ ಇದ್ದ ಪೆಟ್ರೋಲ್ ಆ ಲೇಪನವನ್ನು ತಿಂದುಹಾಕುತ್ತಿತ್ತು, ಕಂಪ್ರೆಶನ್ ಇಳಿಯುತ್ತಿತ್ತು. ಇನ್ನೊಂದು ಕಾಟ ಹೆಡ್ ಬೋಲ್ಟಿನದು. ಎಂಜಿನ್ ಒಮ್ಮೆ ಜೋರಾಗಿ ಕಾದರೆ ಅಲ್ಯೂಮಿನಿಯಂ ಬ್ಲಾಕಿನ ಮರೆ (ಬೋಲ್ಟ್ ಹಿಡಿಯುವ ಸುರುಳಿ ಗೆರೆ) ಕಿತ್ತು ಬರುತ್ತದೆ. ಉತ್ತರ ಅಮೆರಿಕದ ಕಾರುಗಳಲ್ಲಿ ಕಬ್ಬಿಣದ ಬ್ಲಾಕ್ ಇತ್ತು, ಅದು ಸಿಕ್ಕವರು ಅದೃಷ್ಟವಂತರು. ನನ್ನ ಕೈಗೆ ಎಟುಕಿದ್ದು ಅದಲ್ಲ.

ಕೊನೆಗೆ ಉಳಿದಿದ್ದು ಎಂ50ಬಿ25. ತಮಾಷೆ ಏನೆಂದರೆ ಅಳತೆಯಲ್ಲಿ ಇದು ನನ್ನ ಹಳೇ ಎಂಜಿನ್ನೇ: 84 ಮಿಮೀ ಬೋರ್, 75 ಮಿಮೀ ಸ್ಟ್ರೋಕ್, 2494 ಸಿಸಿ. ಆದರೆ 12 ವಾಲ್ವಿನ ಜಾಗದಲ್ಲಿ 24, ಒಂದು ಕ್ಯಾಮ್ ಬದಲು ಎರಡು. 170 ಇದ್ದ ಎಚ್‌ಪಿ 192 ಆಯಿತು. ಬ್ಲಾಕ್ ಎರಕದ ಕಬ್ಬಿಣ. 1992ರ ಕೊನೆಗೆ ಬಂದ ಆವೃತ್ತಿಯಲ್ಲಿ ಇನ್‌ಟೇಕ್ ಕ್ಯಾಮ್‌ಗೆ ವ್ಯಾನೋಸ್ ಸೇರಿತು, ಮಧ್ಯದ ಟಾರ್ಕ್ ಸ್ವಲ್ಪ ಸುಧಾರಿಸಿತು. ನಾನು ಹುಡುಕಿದ್ದು ಅದಕ್ಕೂ ಹಿಂದಿನದು. ಕೇಬಲ್ ಥ್ರಾಟಲ್, ಮುಂದಿನ ಪುಲ್ಲಿಯ ಹಲ್ಲು ಓದುವ ಕ್ರ್ಯಾಂಕ್ ಸೆನ್ಸರ್, ಇಮ್ಮೊಬಿಲೈಸರ್ ಗೊಡವೆ ಇಲ್ಲದ ಮೋಟ್ರಾನಿಕ್ 3.1 ಇಸಿಯು. ಅದಕ್ಕೆ ಇಗ್ನಿಷನ್, ನೆಲ (ಅರ್ಥಿಂಗ್), ಪೆಟ್ರೋಲ್ ಮೂರು ಕೊಟ್ಟರೆ ಸಾಕು, ಕಾರು ಯಾವುದು ಅಂತ ಅದು ಕೇಳುವುದಿಲ್ಲ.

ಗುರುತು ಹಿಡಿಯುವುದು ಸುಲಭ. ಬ್ಲಾಕಿನ ಮೇಲೆ 256ಎಸ್1 ಅಂತ ಒತ್ತಿದ್ದರೆ ವ್ಯಾನೋಸ್ ಇಲ್ಲದ್ದು, 256ಎಸ್2 ಅಂತಿದ್ದರೆ ಇರುವಂಥದ್ದು. ಹೆಡ್ಡಿನ ಮುಂಭಾಗದಲ್ಲಿ ಇನ್‌ಟೇಕ್ ಕಡೆ ವ್ಯಾನೋಸ್ ಡಬ್ಬಿ ಉಬ್ಬಿಕೊಂಡಿರುತ್ತದೆ, ದೂರದಿಂದಲೇ ಕಾಣುತ್ತದೆ.

ಇನ್ನು ಕೊಳ್ಳುವ ವಿಚಾರ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ, ಹಳೇ ಎಂಜಿನ್ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆ ಮಾತಿಲ್ಲ. ಗುಜರಿಯಲ್ಲಿ ಮಾರುವವರೆಲ್ಲ ಹೇಳುವುದು ಒಂದೇ, ‘ಕಾರಿನಲ್ಲಿ ಚೆನ್ನಾಗಿ ಓಡ್ತಿತ್ತು.’ ಕಾರಿನಲ್ಲಿದ್ದಾಗಲೇ ಓಡಿಸಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ನನಗೆ ಸಿಕ್ಕಿದ್ದು ನೆಲದ ಮೇಲೆ ಹಳೇ ಟೈರಿನಲ್ಲಿ ಕೂತಿದ್ದ ಎಂಜಿನ್. ಅದನ್ನೂ ಪರೀಕ್ಷೆ ಮಾಡಬಹುದು.

ಮೊದಲು ಆಯಿಲ್ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಕ್ಯಾಮ್ ಹೊಂಬಣ್ಣದಲ್ಲಿದ್ದರೆ ಪರವಾಗಿಲ್ಲ. ಕಪ್ಪು ಕೆಸರು ಕೂತಿದ್ದರೆ ಮುಚ್ಚಳ ಹಾಕಿ ಹೊರಡಿ. ಕೆನೆ ಬಣ್ಣದ ನೊರೆ ದಪ್ಪಗೆ ಕಂಡರೆ ಆಯಿಲಿಗೆ ನೀರು ಸೇರಿರಬಹುದು. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಕೆ ಹಾಕಿ ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲೂ ಸಿಕ್ಕಿಕೊಳ್ಳಬಾರದು.

ಆಮೇಲೆ ಲೀಕ್‌ಡೌನ್ ಪರೀಕ್ಷೆ. ಕಂಪ್ರೆಶನ್ ನೋಡಲು ಸ್ಟಾರ್ಟರ್ ಬೇಕು, ಸ್ಟಾರ್ಟರ್ ಹಿಡಿಸಲು ಬೆಲ್‌ಹೌಸಿಂಗ್ ಬೇಕು. ಲೀಕ್‌ಡೌನ್‌ಗೆ ಕಂಪ್ರೆಸರ್ ಒಂದಿದ್ದರೆ ಸಾಕು. ಸಿಲಿಂಡರನ್ನು ಕಂಪ್ರೆಶನ್ನಿನ ತುದಿಗೆ ತಂದು, ಕ್ರ್ಯಾಂಕ್ ತಿರುಗದಂತೆ ಹಿಡಿದು, ಪ್ಲಗ್ಗಿನ ತೂತಿನಿಂದ ಗಾಳಿ ಬಿಡುತ್ತೇವೆ. ಎಷ್ಟು ಸೋರುತ್ತದೆ ಅನ್ನುವುದನ್ನು ಗೇಜ್ ಹೇಳುತ್ತದೆ, ಎಲ್ಲಿ ಸೋರುತ್ತದೆ ಅನ್ನುವುದನ್ನು ಕಿವಿ ಹೇಳುತ್ತದೆ. ಆಯಿಲ್ ಮುಚ್ಚಳದ ಬಳಿ ಉಸ್ ಅಂದರೆ ಪಿಸ್ಟನ್ ರಿಂಗ್. ಥ್ರಾಟಲ್ ಬಳಿ ಅಂದರೆ ಇನ್‌ಟೇಕ್ ವಾಲ್ವ್. ಎಕ್ಸಾಸ್ಟ್ ಕಡೆಗಾದರೆ ಆ ವಾಲ್ವ್. ನೀರಿನ ಜಾಕೆಟ್ ತುಂಬಿಸಿದಾಗ ಅಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನಲ್ಲೇ ಬಿರುಕು. ಈ ನೇರ ಆರು ಸಿಲಿಂಡರಿನ ಹೆಡ್ ಉದ್ದ, ಅಲ್ಯೂಮಿನಿಯಂ ಬೇರೆ. ಕಾದರೆ ಬಾಗುವುದಕ್ಕೆ ಕಾಯುತ್ತಿರುತ್ತದೆ. ಹಾಗಾಗಿ ಗುಳ್ಳೆ ಎದ್ದ ಎಂಜಿನ್‌ಗೆ ಚೌಕಾಸಿ ಬೇಡ. ಆರೂ ಸಿಲಿಂಡರ್ ಒಂದಕ್ಕೊಂದು ಹತ್ತಿರ ಇರಬೇಕು, ನನಗೆ ಅದೇ ಮುಖ್ಯ. ಐದು ಚೆನ್ನಾಗಿದ್ದು ಒಂದು ಸೋತಿದ್ದರೆ, ಆ ಒಂದು ಸಿಲಿಂಡರಿಗಾಗಿ ಇಡೀ ಹೆಡ್ ಬಿಚ್ಚಬೇಕಾಗುತ್ತದೆ.

ಎಂಜಿನ್ ಜೊತೆ ವೈರಿಂಗ್ ಹಾರ್ನೆಸ್, ಇಸಿಯು, ಗಾಳಿ ಅಳೆಯುವ ಮೀಟರ್, ಎಲ್ಲಾ ಸೆನ್ಸರ್, ಅಕ್ಸೆಸರಿ ಬ್ರ್ಯಾಕೆಟ್‌ಗಳು ಪೂರ್ತಿ ಬರಬೇಕು ಅಂತ ಪಟ್ಟು ಹಿಡಿಯಿರಿ. ಹಾರ್ನೆಸ್ಸನ್ನು ಕತ್ತರಿಸಿ ಎಂಜಿನ್ ಎತ್ತುವ ಕೆಟ್ಟ ಅಭ್ಯಾಸ ಕೆಲವರಿಗಿದೆ. ಅಂಥದ್ದನ್ನು ತಂದರೆ ಉಳಿಸಿದ ದುಡ್ಡಿನ ಹತ್ತರಷ್ಟು ತಾಳ್ಮೆ ಖರ್ಚಾಗುತ್ತದೆ.

ಸ್ಟ್ಯಾಂಡಿಗೆ ಏರಿಸಿದ ಮೇಲೆ ಮೊದಲ ಕೆಲಸ ಸಂಪ್ ಬಿಚ್ಚುವುದು. ಇ36, ಅಂದರೆ ಇ30ರ ನಂತರದ 3 ಸೀರೀಸಿನ ಸಂಪ್ ಇ30ರ ಕ್ರಾಸ್‌ಮೆಂಬರ್ (ಮುಂಭಾಗದ ಅಡಿಯ ಅಡ್ಡ ತೊಲೆ) ಮೇಲೆ ಕೂರುವುದಿಲ್ಲ. ಇ34, ಅಂದರೆ 5 ಸೀರೀಸಿನ ಎಂ50 ಸಂಪ್ ಬೇಕು. ಸಂಪ್ ಒಂದೇ ತಂದರೆ ಆಗಲ್ಲ. ಆಯಿಲ್ ಎಳೆಯುವ ಪಿಕಪ್ ಪೈಪ್, ಡಿಪ್‌ಸ್ಟಿಕ್ ಮತ್ತು ಅದರ ಟ್ಯೂಬ್ ಕೂಡ ಅದರದ್ದೇ ಆಗಬೇಕು. ಇಲ್ಲದಿದ್ದರೆ ಪಿಕಪ್‌ನ ಬಾಯಿ ಸರಿಯಾದ ಆಳದಲ್ಲಿರುವುದಿಲ್ಲ. ಡಿಪ್‌ಸ್ಟಿಕ್ ಕೂಡ ಸುಳ್ಳು ಹೇಳುತ್ತದೆ.

ಸಂಪ್ ತೆಗೆದಾಗ ಆಯಿಲ್ ಪಂಪಿನ ಹಲ್ಲುಚಕ್ರದ ನಟ್ ಕಣ್ಣೆದುರೇ ಇರುತ್ತದೆ. ಈ ಎಂಜಿನ್ ಕುಟುಂಬದಲ್ಲಿ ಅದು ಸಡಿಲವಾಗುವುದು ಹೆಸರುವಾಸಿ ಕಾಯಿಲೆ, ಜೋರಾಗಿ ಓಡಿಸುವವರಿಗೆ ಇನ್ನೂ ಜಾಸ್ತಿ. ನಟ್ ಕಳಚಿದರೆ ಚಕ್ರ ಶಾಫ್ಟಿನಿಂದ ಜಾರುತ್ತದೆ, ಪಂಪ್ ನಿಲ್ಲುತ್ತದೆ, ಎಂಜಿನ್ ಕಥೆ ಅಲ್ಲಿಗೆ ಮುಗಿಯಿತು. ಈ ನಟ್‌ಗೆ ಎಡಮರೆ. ಬಿಚ್ಚಬೇಕಾದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಗೊತ್ತಿಲ್ಲದೆ ಬಲ ಹಾಕಿದರೆ ಪಂಪಿನ ಶಾಫ್ಟೇ ಕಿತ್ತು ಬರಬಹುದು. ನಾನು ಹೊಸ ನಟ್ ತಂದು, ಶಾಫ್ಟಿನ ಎಣ್ಣೆ ಪೂರ್ತಿ ಒರೆಸಿ, ಮರೆಗೆ ಲಾಕ್ ಮಾಡುವ ಅಂಟು ಹಚ್ಚಿ ಬಿಗಿದೆ. ಅದರ ಮೇಲೆ ತೂತು ಕೊರೆದು ತಂತಿಯಲ್ಲೂ ಕಟ್ಟಿದೆ. ಅತಿಯಾಯಿತು ಅನ್ನಿಸಿದರೆ ಅನ್ನಿಸಲಿ. ಎಂಜಿನ್ ಕಾರಿನೊಳಗೆ ಕೂತ ಮೇಲೆ ಈ ನಟ್ ತಲುಪಬೇಕಾದರೆ ಮುಂದಿನ ಸಬ್‌ಫ್ರೇಮನ್ನೇ ಇಳಿಸಬೇಕು.

ಇದೇ ಸಮಯದಲ್ಲಿ ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳನ್ನೂ ನೋಡಿದೆ. ಮೇಲಿನ ಬೂದು ಪದರ ಸವೆದು ತಾಮ್ರದ ಬಣ್ಣ ಇಣುಕಬಾರದು. ರಾಡ್ ಬೋಲ್ಟುಗಳು ಒಂದು ಸಲ ಬಿಗಿದರೆ ಹಿಗ್ಗುವಂಥವು, ಬಿಚ್ಚಿದ ಮೇಲೆ ಹೊಸವೇ ಹಾಕಬೇಕು. ಹಿಂದಿನ ಮೇನ್ ಸೀಲ್, ಮುಂದಿನ ಸೀಲ್, ವಾಲ್ವ್ ಕವರ್ ಗ್ಯಾಸ್ಕೆಟ್, ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ ಎಲ್ಲವೂ ಹೊಸದು. ವಾಟರ್ ಪಂಪ್ ತೆಗೆದರೆ ಒಳಗಿನ ಫ್ಯಾನ್ ಪ್ಲಾಸ್ಟಿಕ್‌ನದು, ಅಂಚುಗಳು ಮುಟ್ಟಿದರೆ ಪುಡಿ. ಲೋಹದ ಫ್ಯಾನ್ ಇರುವ ಪಂಪ್, ಅಲ್ಯೂಮಿನಿಯಂ ಥರ್ಮೋಸ್ಟಾಟ್ ಹೌಸಿಂಗ್ ಹಾಕಿದೆ. ಎಂಜಿನ್ ಹೊರಗಿರುವಾಗ ಕೂತು ಮಾಡುವ ಕೆಲಸವನ್ನು ಒಳಗೆ ಹೋದ ಮೇಲೆ ಬೆನ್ನು ಬಗ್ಗಿಸಿ ಮಾಡಬೇಕಾಗುತ್ತದೆ, ಅಲ್ವಾ?

ಗೇರ್‌ಬಾಕ್ಸ್ ಬದಲಿಸಲಿಲ್ಲ. 325ಐನ ಗೆಟ್ರಾಗ್ 260 ಎಂ50ಕ್ಕೂ ಬೋಲ್ಟ್ ಆಗುತ್ತದೆ. ಅದನ್ನೇ ಇಟ್ಟುಕೊಂಡರೆ ಪ್ರೊಪೆಲ್ಲರ್ ಶಾಫ್ಟ್, ಗೇರ್ ಲಿವರ್, ಹಿಂದಿನ ಮೌಂಟ್ ಯಾವುದನ್ನೂ ಮುಟ್ಟಬೇಕಿಲ್ಲ. ಕ್ಲಚ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್ ಹೊಸದು, ಅಷ್ಟೇ.

ಇನ್ನು ಬ್ರೇಕ್ ಬೂಸ್ಟರ್. ಈ ಬದಲಾವಣೆಯಲ್ಲಿ ನಿಜವಾಗಿ ತಲೆ ಕೆಡಿಸುವುದು ಇದೊಂದೇ. ಎಂ50ರ ಇನ್‌ಟೇಕ್ ಮ್ಯಾನಿಫೋಲ್ಡ್ ದೊಡ್ಡದು, ಎಡಕ್ಕೆ ಚಾಚಿಕೊಂಡಿದೆ. ಸ್ಟೀರಿಂಗ್ ಎಡಕ್ಕಿರುವ ಕಾರಿನಲ್ಲಿ ಅದು ನೇರ ಬೂಸ್ಟರಿನ ಹೊಟ್ಟೆಗೆ ಹೋಗಿ ಗುದ್ದುತ್ತದೆ. ಬಲಕ್ಕೆ ಸ್ಟೀರಿಂಗ್ ಇದ್ದರೆ ಎಕ್ಸಾಸ್ಟ್ ಮತ್ತು ಸ್ಟೀರಿಂಗ್ ಶಾಫ್ಟಿನ ನಡುವಿನ ಜಾಗ ನೋಡಿಕೊಳ್ಳಬೇಕು. ಬೂಸ್ಟರಿಗೆ ಪರಿಹಾರಗಳು ಹಲವು. ಕೆಲವರು ರೆನೊ ಕ್ಲಿಯೊದ ಚಿಕ್ಕ ಬೂಸ್ಟರ್ ಹಾಕುತ್ತಾರೆ. ಕೆಲವರು ದೊಡ್ಡ 7 ಸೀರೀಸಿನ ಹೈಡ್ರಾಲಿಕ್ ಬೂಸ್ಟರ್ ತರುತ್ತಾರೆ. ಇದ್ದದ್ದನ್ನೇ ಬಡಿದು ತಗ್ಗು ಮಾಡಿ ಹಾಕಿದವರನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಬ್ರೇಕು.

ನಾನು ಚಿಕ್ಕ ವ್ಯಾಸದ ಬೂಸ್ಟರ್ ಆರಿಸಿದೆ, ಅಡಾಪ್ಟರ್ ಪ್ಲೇಟ್ ಹಾಕಿ. ಇಲ್ಲಿ ಲೆಕ್ಕ ಅರ್ಥ ಮಾಡಿಕೊಂಡರೆ ಒಳ್ಳೆಯದು. ಬೂಸ್ಟರಿನ ಒಳಗಿನ ಪರದೆ ಚಿಕ್ಕದಾದರೆ ಅದು ಕೊಡುವ ಸಹಾಯ ಕಮ್ಮಿ, ಪೆಡಲ್ ಗಟ್ಟಿಯಾಗುತ್ತದೆ. ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿನ ಬೋರ್ ಚಿಕ್ಕದು ಮಾಡಿದರೆ ಅದೇ ಕಾಲಿನ ಬಲಕ್ಕೆ ಒತ್ತಡ ಜಾಸ್ತಿ ಸಿಗುತ್ತದೆ. ಆದರೆ ಪೆಡಲ್ ಇನ್ನಷ್ಟು ಕೆಳಕ್ಕೆ ಹೋಗುತ್ತದೆ. ಎರಡರ ನಡುವೆ ಎಲ್ಲೋ ಒಂದು ಕಡೆ ನಿಮ್ಮ ಕಾಲಿಗೆ ಒಪ್ಪುವ ಜೋಡಿ ಇದೆ. ತಳ್ಳುವ ರಾಡಿನ ಉದ್ದ ಬಹಳ ಮುಖ್ಯ. ಕೂದಲೆಳೆಯಷ್ಟು ಉದ್ದವಾದರೂ ಮಾಸ್ಟರ್ ಸಿಲಿಂಡರ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಬ್ರೇಕ್ ಬಿಗಿಯುತ್ತಾ ಹೋಗುತ್ತದೆ. ಗಾಲಿ ಎತ್ತಿ, ಬ್ರೇಕ್ ಒತ್ತಿ ಬಿಟ್ಟು, ಕೈಯಲ್ಲಿ ತಿರುಗಿಸಿ ನೋಡಿದ ಮೇಲೆಯೇ ಮುಂದಿನ ಕೆಲಸಕ್ಕೆ ಹೋಗಬೇಕು.

ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಜೋಡಿಸಿಯೇ ಮೇಲಿನಿಂದ ಇಳಿಸಿದ್ದು. ಬಾನೆಟ್ ಕಳಚಿಟ್ಟೆ, ರೇಡಿಯೇಟರ್ ಹೊರಗೆ. ಕ್ರೇನ್ ಕೊಕ್ಕೆಗೆ ಲೆವೆಲರ್ ಹಾಕಿ ಹಿಂಭಾಗ ಚೆನ್ನಾಗಿ ತಗ್ಗಿಸಿದರೆ ಗೇರ್‌ಬಾಕ್ಸ್ ಸುರಂಗದೊಳಗೆ ನುಗ್ಗುತ್ತದೆ. ಒಬ್ಬರು ಕ್ರೇನ್ ನೋಡಿಕೊಳ್ಳಬೇಕು, ಇನ್ನೊಬ್ಬರು ಕೆಳಗಿನಿಂದ ದಾರಿ ತೋರಿಸಬೇಕು, ತೂಗುವ ಎಂಜಿನ್ ಅಡಿಗೆ ಯಾರೂ ತಲೆ ಹಾಕಬಾರದು. ಎಂಜಿನ್ ಮೌಂಟಿನ ರಬ್ಬರ್ ಎತ್ತರ ನಿರ್ಧರಿಸುವಾಗ ಮೇಲೆ ಬಾನೆಟ್, ಕೆಳಗೆ ಸಂಪ್ ಎರಡನ್ನೂ ನೋಡಬೇಕು. ಎಂಜಿನ್ ಟಾರ್ಕಿಗೆ ವಾಲುತ್ತದೆ ಅನ್ನುವುದೂ ನೆನಪಿರಲಿ. ನಿಂತಾಗ ಬೆರಳು ಹೋಗುವಷ್ಟು ಜಾಗ ಎಲ್ಲೆಲ್ಲೂ ಇದ್ದರೆ ನನಗೆ ಸಮಾಧಾನ.

ವೈರಿಂಗ್ ಬಗ್ಗೆ ಜನ ಹೆದರುವುದು ಜಾಸ್ತಿ. ಇಲ್ಲಿ ಅದೃಷ್ಟ ನಮ್ಮ ಕಡೆಗಿದೆ. ಇ30ರಲ್ಲೂ ಎಂ50 ಬಂದ ಕಾರುಗಳಲ್ಲೂ ಎಂಜಿನ್ ಹಾರ್ನೆಸ್ ಕಾರಿಗೆ ಸೇರುವುದು 20 ಪಿನ್ನಿನ ದುಂಡು ಕನೆಕ್ಟರ್‌ನಲ್ಲಿ. ಪಿನ್‌ಗಳ ಸ್ಥಾನ ಮಾತ್ರ ಕೆಲವು ಬೇರೆ. ಎರಡೂ ಕಾರಿನ ನಕ್ಷೆ ಪಕ್ಕಪಕ್ಕ ಹರಡಿ, ಮಲ್ಟಿಮೀಟರ್ ಹಿಡಿದು ಒಂದೊಂದೇ ತಂತಿ ಖಚಿತ ಮಾಡಿಕೊಳ್ಳಿ. ತಂತಿಯ ಬಣ್ಣ ನೋಡಿ ನಂಬಬೇಡಿ. ನೆಲದ ತಂತಿಗಳನ್ನು ಬಣ್ಣ ಕೆರೆದ ಲೋಹಕ್ಕೆ ಬಿಗಿದೆ. ಎಂಜಿನ್‌ನಿಂದ ಬಾಡಿಗೆ ಹೋಗುವ ದಪ್ಪ ಪಟ್ಟಿ ಹೊಸದು.

ಆಲ್ಟರ್ನೇಟರ್ ಬಗ್ಗೆ ಒಂದು ಮಾತು. ಅದನ್ನು ಎಚ್ಚರಿಸುವ ಕರೆಂಟ್ ಬರುವುದು ಮೀಟರ್ ಬೋರ್ಡಿನ ಬ್ಯಾಟರಿ ದೀಪದ ಮೂಲಕ. ಆ ಪುಟ್ಟ ಬಲ್ಬು ಸುಟ್ಟಿದ್ದರೆ ಚಾರ್ಜೇ ಆಗದಿರಬಹುದು. ಟೆಂಪರೇಚರ್ ಮುಳ್ಳು ಸರಿಯಾಗಿ ತೋರಿಸಬೇಕಾದರೆ ಮೀಟರಿಗೆ ಇ30ರ ಸೆನ್ಸರ್, ಇಸಿಯುಗೆ ಎಂ50ರದ್ದು.

ಪೆಟ್ರೋಲ್ ಒತ್ತಡ 3.5 ಬಾರ್ ಬೇಕು, ಅದರ ರೆಗ್ಯುಲೇಟರ್ ಎಂ50ರ ರೈಲಿನಲ್ಲೇ ಇದೆ. ಹಳೇ ಪಂಪ್ ಸಾಲುತ್ತದೋ ಇಲ್ಲವೋ ಅಂತ ಗೇಜ್ ಹಾಕಿ ನೋಡಿದೆ, ಸಾಕಾಯಿತು. ಪೈಪುಗಳು ಮಾತ್ರ ಎಲ್ಲಾ ಹೊಸವು. ಮೂವತ್ತು ವರ್ಷದ ರಬ್ಬರಿನ ಪಕ್ಕ ಬಿಸಿ ಎಕ್ಸಾಸ್ಟ್ ಇಟ್ಟು ನಿದ್ದೆ ಮಾಡೋಕಾಗಲ್ಲ.

ಮೊದಲ ಸ್ಟಾರ್ಟಿಗೆ ಮುಂಚೆ ಪ್ಲಗ್ ಎಲ್ಲಾ ತೆಗೆದು, ಇಸಿಯು ಮತ್ತು ಪೆಟ್ರೋಲ್ ಪಂಪಿನ ರಿಲೇ ಕಿತ್ತು, ಆಯಿಲ್ ದೀಪ ಆರುವವರೆಗೆ ಸ್ಟಾರ್ಟರ್‌ನಲ್ಲಿ ಬಿಟ್ಟುಬಿಟ್ಟು ತಿರುಗಿಸಿದೆ. ಆಮೇಲೆ ರಿಲೇ ಹಾಕಿ ಕೀ ತಿರುಗಿಸಿದಾಗ ಹತ್ತಿಕೊಂಡಿತು. ಹೈಡ್ರಾಲಿಕ್ ಟ್ಯಾಪೆಟ್‌ಗಳು ಮೊದಲು ಟಕಟಕ ಅಂದವು, ಆಯಿಲ್ ತುಂಬಿದ ಮೇಲೆ ಸುಮ್ಮನಾದವು. ಕೂಲಂಟ್ ತುಂಬುವಾಗ ಮೂತಿ ಎತ್ತರಕ್ಕೆ ಇಟ್ಟು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೀಡ್ ಸ್ಕ್ರೂನಿಂದ ಗುಳ್ಳೆ ನಿಲ್ಲುವ ತನಕ ಕಾಯಬೇಕು. ಒಳಗೆ ಗಾಳಿ ಉಳಿದರೆ ಹೆಡ್ ಒಂದು ಕಡೆ ಕಾಯುತ್ತದೆ, ಮುಳ್ಳು ಮಾತ್ರ ಏನೂ ಆಗಿಲ್ಲ ಅನ್ನುವಂತೆ ನಿಂತಿರುತ್ತದೆ.

ಐಡಲ್ (ಆಕ್ಸೆಲರೇಟರ್ ಒತ್ತದಿದ್ದಾಗ ಎಂಜಿನ್ ಓಡುವ ವೇಗ) ಮಾತ್ರ ಏರುವುದು ಇಳಿಯುವುದು ಮಾಡುತ್ತಿತ್ತು. ಇನ್‌ಟೇಕ್ ಒಳಗೆ ಹೊಗೆ ಬಿಟ್ಟು ನೋಡಿದರೆ ಥ್ರಾಟಲ್ ಮುಂದಿನ ರಬ್ಬರ್ ಬೂಟಿನ ಮಡಿಕೆಯಿಂದ ಸಣ್ಣ ಎಳೆ ಹೊರಗೆ ಬಂತು. ಗಾಳಿ ಮೀಟರ್ ದಾಟಿದ ಮೇಲೆ ಒಳಗೆ ನುಸುಳಿದ ಗಾಳಿಯ ಲೆಕ್ಕ ಇಸಿಯುಗೆ ಸಿಗುವುದಿಲ್ಲ, ಮಿಶ್ರಣ ತೆಳುವಾಗುತ್ತದೆ. ಹೊಸ ಬೂಟ್ ಹಾಕಿದ ಮೇಲೆ ಐಡಲ್ ಒಂದೇ ಮಟ್ಟದಲ್ಲಿ ನಿಂತಿತು.

ಕಾಗದಪತ್ರವನ್ನೂ ಮರೆಯಬೇಡಿ. ಎಂಜಿನ್ ನಂಬರ್ ಬದಲಾಗಿದೆ, ನೋಂದಣಿಯಲ್ಲೂ ವಿಮೆಯಲ್ಲೂ ಅದು ಸೇರಬೇಕು. ಹೊಗೆ ಪರೀಕ್ಷೆಯ ನಿಯಮ ನೀವಿರುವ ಕಡೆ ಹೇಗಿದೆ ಅನ್ನುವುದನ್ನು ಎಂಜಿನ್ ಕೊಳ್ಳುವ ಮುಂಚೆಯೇ ಕೇಳಿಕೊಳ್ಳಿ.

ಓಡಿಸಲು ಹೇಗಿದೆ? ಕೆಳಗಿನ ಆರ್‌ಪಿಎಂನಲ್ಲಿ ಹಳೆಯದಕ್ಕಿಂತ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ, ಅದು ನಿಜ. 4000 ದಾಟಿದ ಮೇಲೆ ಎಂ20 ಉಸಿರು ಬಿಡುತ್ತಿದ್ದ ಕಡೆ ಇದು ಇನ್ನೂ ಎಳೆಯುತ್ತಲೇ ಹೋಗುತ್ತದೆ. ಮೊದಲ ಆಯಿಲ್ ಬೇಗನೇ ಬದಲಿಸಿ, ಫಿಲ್ಟರ್ ಕತ್ತರಿಸಿ ನೋಡಿದೆ. ಲೋಹದ ಚೂರು ಇರಲಿಲ್ಲ. ಎಂಜಿನ್ ಮೌಂಟ್, ಎಕ್ಸಾಸ್ಟ್ ನಟ್‌ಗಳನ್ನು ಮತ್ತೊಮ್ಮೆ ಬಿಗಿದೆ. ಈಗ ಉಳಿದಿರುವುದು ಪೆಟ್ರೋಲ್ ಬಳಕೆ ತೋರಿಸುವ ಮುಳ್ಳು. ಅದು ಇನ್ನೂ ತೋಚಿದ ಕಡೆ ನಿಲ್ಲುತ್ತದೆ. ಸಿಗ್ನಲ್ ಬರುತ್ತಿದೆ, ಎಂಜಿನ್ ಯಾವುದು ಅಂತ ಮೀಟರಿಗೆ ಹೇಳುವ ಕೋಡಿಂಗ್ ಪ್ಲಗ್ ಮೇಲೆ ಅನುಮಾನ. ಅದನ್ನು ಬಿಚ್ಚುವ ಮುಂಚೆ ಮುಂದಿನ ಬ್ರೇಕ್ ಪೈಪುಗಳನ್ನು ಬದಲಿಸಬೇಕು.